ರನ್ನನ ಊರಿಗೊಂದು ಹಾಡಿನ ಸುರುಳಿ

ಮುಧೋಳಕ್ಕೂ ಮಹಾಲಿಂಗಪುರಕ್ಕೂ ನಡುವಣ ಸೀಮೆಯಲ್ಲಿ ಕಣ್ಣು ಹರಿದಷ್ಟು ದೂರವೂ ಕಬ್ಬಿನ ಹೊಲಗಳೇ. ಕಟಾವಿನ ಕಾಲ ಬಂದಿತೆಂದರೆ ಹೇರಿದ ಭಾರಕ್ಕೆ ತೂಗಾಡುತ್ತ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಅವುಗಳ ಧ್ವನಿವರ್ಧಕಗಳಿಂದ ಹೊಮ್ಮುವ ಹಾಡುಗಳು ಎಂಜಿನ್ನಿನ ಸದ್ದನ್ನೂ ಮೀರಿಸುತ್ತವೆ. ಈ ಎರೆಭೂಮಿಯ ನಡುವೆ ಇರುವ ಊರು ರನ್ನ ಬೆಳಗಲಿ. ಸಾವಿರ ವರ್ಷಗಳ ಹಿಂದಿನ ಕವಿಯೊಬ್ಬನ ಹೆಸರನ್ನು ತನ್ನ ಹೆಸರಿನ ಮುಂದೆ ಧರಿಸಿದ ಊರು ಎಷ್ಟಿದ್ದಾವು?

ಇಂತಹ ಊರಿಗೆ ಒಂದು ಕುಟುಂಬ ಮೋಟಾರಿನಲ್ಲಿ ಹೊರಟಿದೆ ಎಂದುಕೊಳ್ಳೋಣ. ಅಜ್ಜನಿಗೆ ನಾಟಕದ ಪದಗಳು ಬೇಕು, ತಾಯಿಗೆ ಭಾವಗೀತೆ, ಕಾಲೇಜಿನ ಹುಡುಗನಿಗೆ ರಾಕ್ ಸಂಗೀತವಲ್ಲದೆ ಬೇರೊಂದು ರುಚಿಸದು. ಮೂವರಿಗೂ ಒಪ್ಪುವಂತೆ ಹಲವು ಕಾಲದ, ಹಲವು ಧಾಟಿಯ ಹಾಡುಗಳನ್ನು ಒಂದೇ ಸುರುಳಿಯಲ್ಲಿ ಕೂಡಿಸುವುದು ಹೇಗೆ? ಹಳೆಯದರಿಂದ ಆರಂಭಿಸಿದರೆ ಹುಡುಗ ಮೊದಲ ಹಾಡಿಗೇ ಕಿವಿ ಮುಚ್ಚಿಕೊಳ್ಳುತ್ತಾನೆ.

ಉಪಾಯವನ್ನು ರನ್ನನೇ ತೋರಿಸಿಕೊಟ್ಟಿದ್ದಾನೆ. 'ಗದಾಯುದ್ಧ'ದಲ್ಲಿ ಅವನು ಭಾರತದ ಕಥೆಯನ್ನು ಮೊದಲಿನಿಂದ ಹೇಳಲಿಲ್ಲ. ಭೀಮ ದುರ್ಯೋಧನರ ಕೊನೆಯ ಕಾಳಗವನ್ನೇ ಮುಂದಿಟ್ಟುಕೊಂಡು, ಅಲ್ಲಿಂದ ಹಿಂದಿನದೆಲ್ಲವನ್ನೂ ತಿರುಗಿ ನೋಡಿದನು. ಮುಂದೆ ಸಾಗುವ ಸಿಂಹ ಹಿಂದಿರುಗಿ ನೋಡುವಂತೆ ಇದೆಯೆಂದು ಈ ಬಗೆಗೆ ಸಿಂಹಾವಲೋಕನ ಕ್ರಮವೆಂದು ಹೆಸರು. ಹಾಡಿನ ಸುರುಳಿಗೂ ಇದೇ ಕ್ರಮ ಸಲ್ಲುತ್ತದೆ. ತೀರ ಇತ್ತೀಚಿನದು ಮೊದಲು ಬರಲಿ.

1950ರ ದಶಕದ ಅಮೆರಿಕದಲ್ಲಿ ಕರಿಯ ಜನರ ಬ್ಲೂಸ್ ಹಾಡುಗಳೂ ಹಳ್ಳಿಗಾಡಿನ ಪದಗಳೂ ಬೆರೆತು ಹುಟ್ಟಿದ್ದು ರಾಕ್ ಸಂಗೀತ. ಗಿಟಾರು, ಡ್ರಮ್ಮುಗಳೊಡನೆ ಅದು ಕನ್ನಡಕ್ಕೂ ಬಂದಿತು. 2008ರಲ್ಲಿ ಹೊರಬಂದ ರಘು ದೀಕ್ಷಿತರ 'ಅಂತರಾಗ್ನಿ'ಯಲ್ಲಿ ಶಿಶುನಾಳ ಷರೀಫರ ಪದಗಳಿಗೂ ಆ ವಾದ್ಯಗಳ ಜೊತೆ ದೊರೆಯಿತು. ಸುರುಳಿ ಇಲ್ಲಿಂದ ಹೊರಡಲಿ, ಹುಡುಗ ತಲೆದೂಗುತ್ತಾನೆ. ಅದರ ಬೆನ್ನಿಗೇ 1990ರ 'ಸಂತ ಶಿಶುನಾಳ ಷರೀಫ' ಚಿತ್ರಕ್ಕೆ ಸಿ. ಅಶ್ವತ್ಥರು ಕೂಡಿಸಿದ ಸಂಗೀತ ಬರಲಿ. ಕವಿ ಒಬ್ಬನೇ, ಧಾಟಿ ಬೇರೆ. ತಾಯಿಯ ಹಾಡು ತನ್ನ ಹಾಡಿಗೆ ಹತ್ತಿರದ ನಂಟೆಂಬುದು ಹುಡುಗನಿಗೆ ಯಾರೂ ಹೇಳದೆಯೇ ತಿಳಿಯುತ್ತದೆ. ಷರೀಫರಾದರೋ 1819ರಿಂದ 1889ರವರೆಗೆ ಬಾಳಿದವರು. ಗಿಟಾರನ್ನೂ ಕಾಣದವರು, ಚಲನಚಿತ್ರವನ್ನೂ ಕಾಣದವರು!

ಇನ್ನಷ್ಟು ಹಿಂದಕ್ಕೆ ನಡೆದರೆ ನೆರೆಯ ಬೀಳಗಿ ಸಿಕ್ಕುತ್ತದೆ. ಅಮೀರಬಾಯಿ ಕರ್ನಾಟಕಿ ಆ ಊರಿನ ಮಗಳು. ಮುಂಬಯಿಗೆ ಹೋಗಿ ಹಿಂದಿ ಚಿತ್ರಗಳಲ್ಲಿ ಹಾಡಿ ಹೆಸರು ಗಳಿಸಿದಾಗಲೂ ನಾಡಿನ ಹೆಸರನ್ನು ಅವರು ಬಿಡಲಿಲ್ಲ. 1943ರ 'ಕಿಸ್ಮತ್' ಚಿತ್ರದಲ್ಲಿ ಅನಿಲ್ ಬಿಸ್ವಾಸರ ಸಂಗೀತಕ್ಕೆ ಅವರು ಕೊಟ್ಟ ಕಂಠ ದೇಶದ ಮನೆಮನೆಗೂ ಮುಟ್ಟಿತು. ಅವರ ಸೋದರಿ ಗೋಹರಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರೊಡನೆ ಅಭಿನಯಿಸಿದವರು. ಕನ್ನಡ, ಹಿಂದಿ, ಮರಾಠಿಗಳ ನಡುವೆ ಈ ಸೀಮೆಯ ಸಂಗೀತಕ್ಕೆ ಎಂದೂ ಗೋಡೆ ಇರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ಇಲ್ಲಿ ಅಜ್ಜ ನೆಟ್ಟಗಾಗಿ ಕುಳಿತುಕೊಳ್ಳುತ್ತಾರೆ.

ಕೊನೆಗೆ ಬರಬೇಕಾದದ್ದು ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣನ ಕೃತಿ, ಕುಲಗೋಡ ತಮ್ಮಣ್ಣನ ಕೈಯಲ್ಲಿ ಹಳ್ಳಿಯ ಅಟ್ಟವನ್ನೇರಿತು. ಕೌಜಲಗಿ ನಿಂಗಮ್ಮನಂತಹ ಕಲಾವಿದೆಯಿಂದ ಊರೂರಿನ ಮಾತಾಯಿತು. ಇಲ್ಲಿಯೇ ಸುರುಳಿ ಕಟ್ಟುವವನಿಗೆ ನಿಜವಾದ ಕಷ್ಟ. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಮಗ್ಗುಲಿಗೆ ಮೂವತ್ತೇ ನಿಮಿಷ. ಹಳೆಯ ಗ್ರಾಮಫೋನ್ ತಟ್ಟೆಯ ಹಾಡು ಮೂರು ಮೂರೂವರೆ ನಿಮಿಷದಲ್ಲಿ ಮುಗಿದೀತು. ಬೆಳಗಿನವರೆಗೆ ನಡೆಯುವ ಪಾರಿಜಾತ ಅದರಲ್ಲಿ ಹೇಗೆ ಹಿಡಿಸೀತು? ಸತ್ಯಭಾಮೆಯ ಕೋಪದ ಒಂದು ಪದವನ್ನು ಆರಿಸಿ ಉಳಿದದ್ದನ್ನು ಬಿಡಬೇಕು. ಆಯ್ದುಕೊಳ್ಳುವುದೆಂದರೆ ಬಿಡುವುದೂ ಹೌದು. ಬಿಟ್ಟದ್ದು ಬೇರೆಲ್ಲಿಯೂ ಉಳಿಯದಿದ್ದರೆ ಗತಿಯೇನು?

ಈ ಭಯ ರನ್ನನ ಕಾಲಕ್ಕೂ ಇತ್ತು. ಓಲೆಗರಿಗೆ ಗೆದ್ದಲು ಹಿಡಿಯುವುದು, ಪ್ರತಿ ಮಾಡುವವರಿಲ್ಲದೆ ಕಾವ್ಯ ಕಣ್ಮರೆಯಾಗುವುದು ಹೊಸ ಸಂಗತಿಯಲ್ಲ. 993ರಲ್ಲಿ ರನ್ನನಿಂದ 'ಅಜಿತಪುರಾಣ'ವನ್ನು ಬರೆಯಿಸಿದ ದಾನಚಿಂತಾಮಣಿ ಅತ್ತಿಮಬ್ಬೆ, ಪೊನ್ನನ 'ಶಾಂತಿಪುರಾಣ'ಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧಿ. ಅಚ್ಚಿನ ಯಂತ್ರವಿಲ್ಲದ ದಿನಗಳಲ್ಲಿ ಸಾವಿರ ಪ್ರತಿ! ಕಾವ್ಯವನ್ನು ಕಾಯುವ ದಾರಿ ಅದನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುವುದಲ್ಲ, ಹಲವರ ಕೈಗೆ ಕೊಡುವುದು ಎಂದು ಆ ತಾಯಿ ಬಲ್ಲಳು.

ಕಾಂತಪಟ್ಟಿಯ ಆಯುಷ್ಯ ಓಲೆಗರಿಗಿಂತ ಬಹಳ ಕಡಿಮೆ. 1963ರಲ್ಲಿ ಫಿಲಿಪ್ಸ್ ಕಂಪನಿ ಜಗತ್ತಿಗೆ ತೋರಿಸಿದ ಕ್ಯಾಸೆಟ್ಟು ಇಂದು ಬಹುಪಾಲು ಮನೆಗಳಲ್ಲಿ ಅಟ್ಟ ಸೇರಿದೆ; ಪಟ್ಟಿ ಬೂಸಲು ಹಿಡಿದು ಅಂಟಿಕೊಂಡರೆ ಹಾಡು ಹೋದಂತೆಯೇ. ಊರ ಜಾತ್ರೆಯಲ್ಲಿ ಹಿಡಿದಿಟ್ಟ ಪಾರಿಜಾತದ ದನಿ, ತೀರಿಹೋದ ಭಜನೆಕಾರರ ದನಿ ಹಲವೊಮ್ಮೆ ಅಂತಹ ಒಂದೇ ಪಟ್ಟಿಯಲ್ಲಿ ಉಳಿದಿರುತ್ತದೆ. ಅದನ್ನು ಇಂದೇ ಕಂಪ್ಯೂಟರಿಗೆ ಇಳಿಸಿ, ಹಾಡಿದವರ ಹೆಸರು, ಊರು, ವರ್ಷಗಳನ್ನು ಬರೆದಿಟ್ಟು, ನಾಲ್ಕು ಮನೆಗಳಿಗೆ ಹಂಚಿದರೆ ಅದೂ ಅತ್ತಿಮಬ್ಬೆಯ ಕೆಲಸವೇ.

ಮೋಟಾರು ಬೆಳಗಲಿಯನ್ನು ಮುಟ್ಟುವ ಹೊತ್ತಿಗೆ ಸುರುಳಿಯಲ್ಲಿ ಸತ್ಯಭಾಮೆ ಮುನಿದು ಕುಳಿತಿರುತ್ತಾಳೆ. "ಮುಂದೇನಾಯಿತು ಅಜ್ಜಾ?" ಎಂದು ಹುಡುಗ ಕೇಳಿದರೆ ಸುರುಳಿ ಕಟ್ಟಿದ ಶ್ರಮ ಸಾರ್ಥಕವಾಯಿತು.