ಟೈಗರ್‌ನ ಬಾಕಿ

ಟೈಗರ್ ಸತ್ತ ಮೇಲೆ ನಮ್ಮ ಮನೆಯಲ್ಲಿ ಚಪ್ಪಲಿಗಳು ಬಿಟ್ಟಲ್ಲೇ ಇರುತ್ತವೆ. ಎಡಗಾಲಿನದು ಜಗಲಿಯಲ್ಲಿ, ಬಲಗಾಲಿನದು ಬೈಹುಲ್ಲಿನ ರಾಶಿಯ ಅಡಿಯಲ್ಲಿ ಎಂಬ ಕಾಲ ಮುಗಿಯಿತು. ಬಂದ ನೆಂಟರು ಮೆಟ್ಟಿಕೊಂಡು ಸೀದಾ ಹೊರಟೇ ಹೋಗುತ್ತಾರೆ. ಮೊದಲಾದರೆ ಹುಡುಕುವ ಗಡಿಬಿಡಿಯಲ್ಲಿ ಇನ್ನೊಂದು ಲೋಟ ಕಾಫಿಯಾದರೂ ಆಗುತ್ತಿತ್ತು.

ಅವನು ಹುಟ್ಟಿದ್ದು ಬೆಳ್ತಂಗಡಿ ತಾಲೂಕಿನಲ್ಲಿ, ಚಾರ್ಮಾಡಿ ಘಾಟಿಯ ಬುಡದ ನನ್ನ ಅಜ್ಜನ ಮನೆಯಲ್ಲಿ. ಬೆಳೆದದ್ದು ಬಂಟ್ವಾಳ ತಾಲೂಕಿನ ಸಿದ್ಧಕಟ್ಟೆಯ ಹತ್ತಿರ, ನಮ್ಮ ಅಡಿಕೆ ತೋಟದಲ್ಲಿ. ಮಾವ ಅವನನ್ನು ಬುಟ್ಟಿಯಲ್ಲಿಟ್ಟು, ಮೇಲೊಂದು ಬೈರಾಸು ಮುಚ್ಚಿ ಬಸ್ಸಿನಲ್ಲಿ ತಂದಿದ್ದರು. ಗುರುವಾಯನಕೆರೆಯವರೆಗೆ ಹಲಸಿನ ಹಣ್ಣಿನಂತೆ ಸುಮ್ಮನಿದ್ದ ಬುಟ್ಟಿ ಅಲ್ಲಿಂದಾಚೆ ಕುಂಯ್‌ಗುಟ್ಟತೊಡಗಿತಂತೆ. "ಇದಕ್ಕೆ ಅರ್ಧ ಟಿಕೆಟ್ ಮಾಡ್ಲಾ ಅಣ್ಣಾ?" ಎಂದನಂತೆ ಕಂಡಕ್ಟರ್.

ಹೆಸರಿಟ್ಟದ್ದು ಅಪ್ಪ. ನಮ್ಮ ಕಡೆ ಚಿರತೆ ನಾಯಿ ಹುಡುಕಿಕೊಂಡು ಅಂಗಳಕ್ಕೇ ಬರುವುದುಂಟು. ಹೆಸರು ಕೇಳಿಯಾದರೂ ಹೆದರಲಿ ಎಂಬುದು ಅವರ ಲೆಕ್ಕಾಚಾರ. ಒಂದು ರಾತ್ರಿ ತೋಟದಾಚೆಯ ಗುಡ್ಡೆಯಲ್ಲಿ ಚಿರತೆಯ ಸದ್ದು ಕೇಳಿದಾಗ ಬಚ್ಚಲೊಲೆಯೊಳಗೆ ನುಗ್ಗಿದ ಟೈಗರ್, ಬೆಳಿಗ್ಗೆ ಮೈಯೆಲ್ಲ ಬೂದಿ ಬಳಿದುಕೊಂಡು ಹೊರಬಂದ. ನಮ್ಮೂರಲ್ಲಿ ಕಟೀಲು ಮೇಳದ 'ದೇವಿ ಮಹಾತ್ಮೆ' ಆದ ರಾತ್ರಿಯೂ ಅಷ್ಟೇ. ಜನರ ನಡುವಿನಿಂದ ಬೆಂಕಿ ಎರಚಿಕೊಂಡು ಮಹಿಷಾಸುರ ಬಂದದ್ದೇ ತಡ, ಮೊದಲು ಮನೆ ಸೇರಿದವ ಇವನು. ಅವನ ಶೌರ್ಯವೆಲ್ಲ ಲೈನ್‌ಮ್ಯಾನ್‌ಗೆ ಮತ್ತು ಮಂಗಗಳಿಗೆ ಮೀಸಲು. ಮಂಗಗಳ ವಿಷಯದಲ್ಲಿ ಮಾತ್ರ ಸುಳ್ಳು ಹೇಳಬಾರದು. ಅವನಿದ್ದಷ್ಟು ವರ್ಷ ನಮ್ಮ ಬೊಂಡಗಳು ಮರದಲ್ಲೇ ಉಳಿದವು.

ಚಳಿಗಾಲದಲ್ಲಿ ಅಂಗಳ ತುಂಬ ಅಡಿಕೆ ಹರಡಿದರೆ ಅವನಿಗೆ ಅದೇ ಹಾಸಿಗೆ. ಚಾಲಿ ಒಣಗಲು ಒಂದೂವರೆ ತಿಂಗಳ ಬಿಸಿಲು ಬೇಕು. ಅಷ್ಟೂ ದಿನ ಅಡಿಕೆ ಮಗುಚುವಾಗ ನಾಯಿಯನ್ನೂ ಮಗುಚುವುದು ನಮ್ಮ ಮನೆಯ ಕ್ರಮ.

ಔಷಧಕ್ಕೆ ಅವನನ್ನು ಮೂಡುಬಿದಿರೆಗೆ ಕರೆದುಕೊಂಡು ಹೋಗುತ್ತಿದ್ದೆವು. ಕಂಬ ಕಂಡಲ್ಲೆಲ್ಲ ಕಾಲೆತ್ತುವವನನ್ನು, 1430ರಿಂದ ಸಾವಿರ ಕಂಬದ ಬಸದಿ ನಿಂತಿರುವ ಪೇಟೆಗೆ ಒಯ್ಯುವುದೆಂದರೆ ಅಮ್ಮನಿಗೆ ಜೀವವೇ ಇರುತ್ತಿರಲಿಲ್ಲ. ದೇವರ ದಯೆ, ಅವನಿಗೆ ಕರೆಂಟು ಕಂಬಗಳೇ ಸಾಕಾಗುತ್ತಿದ್ದವು. ಕೊನೆಯ ಸಲ ಹೋದಾಗ ಡಾಕ್ಟರು ಸೂಜಿ ಕೊಡಲಿಲ್ಲ. "ಪ್ರಾಯ ಆಯ್ತಲ್ಲ ಭಟ್ರೇ" ಎಂದರು. ಬರುವಾಗ ದಾರಿಯಲ್ಲಿ ಅವನು ಒಂದು ಕಂಬವನ್ನೂ ನೋಡಲಿಲ್ಲ.

ತೋಟದ ಮೂಲೆಯಲ್ಲಿ ಹೂತು, ಮೇಲೊಂದು ತೆಂಗಿನ ಸಸಿ ನೆಟ್ಟರು ಅಪ್ಪ. ಮುಂದೆ ಅದರ ಬೊಂಡ ಕುಡಿಯುವವರು ಯಾರು ಎಂಬ ಚರ್ಚೆ ಮನೆಯಲ್ಲಿ ಈಗಲೇ ನಡೆದಿದೆ. ಕಲ್ಲು ನೆಡಬಹುದಿತ್ತು ಎಂದೆ ನಾನು. ಮದ್ದೂರು ತಾಲೂಕಿನ ಆತಕೂರಿನಲ್ಲಿ ಹತ್ತನೇ ಶತಮಾನದಲ್ಲೇ ನಾಯಿಗೆ ಕಲ್ಲು ನೆಟ್ಟಿದ್ದಾರೆ. ಈಗ ಅದು ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ಯುದ್ಧದಲ್ಲಿ ಗೆದ್ದ ಮಣಲೇರನಿಗೆ ಒಡೆಯ ಮೆಚ್ಚಿ ಏನು ಬೇಕು ಎಂದಾಗ, ಪುಣ್ಯಾತ್ಮ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ದೊಡ್ಡದೊಂದು ಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ಕಲ್ಲಿನ ಪೂಜೆಗೆಂದು ಗದ್ದೆಯನ್ನೂ ಬಿಟ್ಟುಕೊಟ್ಟರು. ನನಗೆ ಇಷ್ಟವಾದದ್ದು ಆ ಶಾಸನದ ಶಾಪ. ಪೂಜೆ ಮಾಡದೆ ಉಂಡರೆ ಪೂಜಾರಿಗೆ ನಾಯಿ ಮಾಡಿದ ಪಾಪ ತಟ್ಟುತ್ತದಂತೆ! ಕಾಳಿಯದು ಏನು ಪಾಪವೋ. ಟೈಗರ್‌ನದಾದರೆ ಪಟ್ಟಿಯೇ ಉಂಟು, ಅದರಲ್ಲಿ ದೊಡ್ಡದು ಮೀನು.

ನಮ್ಮದು ಮೀನು ಹೊಗದ ಮನೆ. ಅವನಿಗೆ ಹಾಳೆಯಲ್ಲಿ ಮಜ್ಜಿಗೆ ಅನ್ನ, ಏಕಾದಶಿಗೆ ಅವಲಕ್ಕಿ. ಅಷ್ಟೆಲ್ಲ ಸಂಸ್ಕಾರ ಕೊಟ್ಟರೂ ಮೀನಿನ ಸ್ಕೂಟರಿನ ಹಾರ್ನ್ ಕೇಳಿದರೆ ನಾಯಿ ಗೇಟು ಹಾರಿತೆಂದೇ ಲೆಕ್ಕ. ಕೆಳಗಿನ ಮನೆಯ ಬಾಯಮ್ಮ ಮೀನಿನ ತಲೆ ಹಾಕುತ್ತಾರೆಂದು ಅಮ್ಮನ ಗುಮಾನಿ. ಅವನು ವಾಪಸು ಬಂದಾಗ ಒಂದು ಕೊಡ ನೀರು ಹೊಯ್ಯದೆ ಅಂಗಳ ದಾಟಲು ಬಿಡುತ್ತಿರಲಿಲ್ಲ.

ಮೊನ್ನೆ ಸ್ಕೂಟರು ನಮ್ಮ ಗೇಟಿನಲ್ಲೇ ನಿಂತಿತು.

"ಟೈಗರ್ ಕಾಣುದಿಲ್ಲ ಅಲ್ವಾ ಅಕ್ಕಾ?"

ಅಮ್ಮ ವಿಷಯ ಹೇಳಿದರು. ಮೀನಿನವರು ಹೆಲ್ಮೆಟ್ ತೆಗೆದು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಬಹಳ ಸಂಕೋಚದಿಂದ ಕಿಸೆಯಿಂದ ಒಂದು ಸಣ್ಣ ಪುಸ್ತಕ ತೆಗೆದರು. ಅದರಲ್ಲಿ ನೀಲಿ ಪೆನ್ನಿನಲ್ಲಿ ಸ್ಪಷ್ಟವಾಗಿ ಬರೆದಿತ್ತು: ಭಟ್ರ ಮನೆ, ಬೂತಾಯಿ, ದಿನಕ್ಕೆ ಎರಡು.

"ಯಜಮಾನ್ರು ಹೇಳಿದ್ರು. ತಿಂಗಳ ಲೆಕ್ಕ. ಹೋದ ತಿಂಗಳದ್ದು ಬಾಕಿ ಉಂಟು."

ಯಜಮಾನರು ಆ ಹೊತ್ತಿಗೆ ಸಸಿಗೆ ನೀರು ಹಾಕಲು ತೋಟಕ್ಕೆ ಇಳಿದಾಗಿತ್ತು, ಧಾರಾಕಾರ ಮಳೆಯಲ್ಲಿ.

ಅಮ್ಮ ಒಳಗೆ ಹೋಗಿ ದುಡ್ಡು ತಂದು, ಕೈಗೆ ಕೈ ತಾಗದ ಹಾಗೆ ಗೇಟಿನ ಕಲ್ಲಿನ ಮೇಲಿಟ್ಟರು. ಚಿಲ್ಲರೆ ಬೇಡವೆಂದರು. ಅಪ್ಪ ಒದ್ದೆಯಾಗಿ ಮೇಲೆ ಬಂದಾಗ ಮನೆಯಲ್ಲಿ ಮಹಾಭಾರತವೇ ಆಗುತ್ತದೆಂದು ನಾನು ಜಗಲಿಯ ಮೂಲೆ ಹಿಡಿದು ಕೂತಿದ್ದೆ. ಅಮ್ಮ ಬೈರಾಸು ಎಸೆದು ಕೇಳಿದ್ದು ಒಂದೇ ಪ್ರಶ್ನೆ:

"ಅಷ್ಟು ದೊಡ್ಡ ನಾಯಿಗೆ ದಿನಕ್ಕೆ ಎರಡೇಯಾ? ಅಲ್ಲಿಯೂ ನಿಮ್ಮ ಪಿಟ್ಟಾಸು ಬಿಡ್ಲಿಲ್ಲ ಅಲ್ವಾ!"