ಬೀಗದ ಕೈ

ಯಜಮಾನಿಕೆಯೆಂಬುದು ಒಂದು ವಿಚಿತ್ರವಾದ ವಸ್ತು. ಅದು ಇಲ್ಲದವನು ಅದಕ್ಕಾಗಿ ಹಂಬಲಿಸುತ್ತಾನೆ. ಇದ್ದವನು ಅದರ ಭಾರಕ್ಕೆ ನರಳುತ್ತಾನೆ. ನರಳಿದರೂ, ‘ಕೆಳಗಿಳಿಸಿ, ನಾವು ಹೊರುತ್ತೇವೆ’ ಎಂದರೆ ಮಾತ್ರ ಒಪ್ಪುವುದಿಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿ ಯಜಮಾನಿಕೆಗೆ ಕಿರೀಟವಿಲ್ಲ, ಸಿಂಹಾಸನವಿಲ್ಲ. ಅದಕ್ಕಿರುವ ಗುರುತು ಒಂದೇ, ಪೆಟ್ಟಿಗೆಯ ಬೀಗದ ಕೈ. ಅದು ಯಾರ ಉಡಿದಾರದಲ್ಲಿ ನೇತಾಡುತ್ತದೆಯೋ ಅವರೇ ಮನೆಗೆ ಹಿರಿಯರು. ಮಿಕ್ಕವರೆಲ್ಲ, ತಲೆ ನರೆತಿದ್ದರೂ ಸರಿಯೆ, ಹುಡುಗರು.

ಈ ಬೀಗದ ಕೈಯ ವಿಚಾರವಾಗಿ ನಾನು ಹೆಚ್ಚಾಗಿ ಯೋಚಿಸತೊಡಗಿದುದು ಇನ್ಫೋಸಿಸ್ ಕಂಪೆನಿಯ ಮುಖಂಡರ ಕಥೆಯನ್ನು ಓದಿದ ಮೇಲೆ. ಕಲಾ ವಿಭಾಗದ ವಿದ್ಯಾರ್ಥಿಗೆ ಸಾಫ್ಟ್‌ವೇರ್ ಕಂಪೆನಿಯ ಗೊಡವೆ ಏಕೆಂದು ಗೆಳೆಯರು ನಗಬಹುದು. ಆದರೆ ಯಾವ ರಾಜನ ತರುವಾಯ ಯಾವ ರಾಜನು ಪಟ್ಟವೇರಿದನೆಂದು ಮೂರು ವರ್ಷ ಚರಿತ್ರೆಯ ತರಗತಿಯಲ್ಲಿ ಬಾಯಿಪಾಠ ಮಾಡುವ ನಾವು ನಮ್ಮ ಕಾಲದ ಪಟ್ಟಾಭಿಷೇಕಗಳನ್ನು ಕಣ್ಣೆತ್ತಿ ನೋಡಬಾರದೆಂಬ ನಿಯಮವೇನಾದರೂ ಉಂಟೆ?

ಆ ಕಂಪೆನಿಯವರ ಕಸುಬೇನೆಂಬುದನ್ನು ಕೊಳ್ಳೇಗಾಲದ ಸೀಮೆಯವರಿಗೆ ವಿವರಿಸುವುದು ಕಷ್ಟವಲ್ಲ. ನಮ್ಮ ಮಧುವನಹಳ್ಳಿಯಿಂದ ಪೇಟೆಗೆ ಹೋದರೆ ಮಗ್ಗದ ಸದ್ದು ಕೇಳುವ ಬೀದಿಗಳಿವೆ. ಸಾಹುಕಾರನು ನೂಲನ್ನೂ ಜರಿಯನ್ನೂ ಕೊಡುತ್ತಾನೆ. ನೇಯುವವನು ತನ್ನ ಮನೆಯ ಮಗ್ಗದಲ್ಲಿ ಸೀರೆ ನೇಯ್ದು ಒಪ್ಪಿಸಿ ಮಜೂರಿ ಪಡೆಯುತ್ತಾನೆ. ಸೀರೆ ಉಡುವವರು ಎಲ್ಲಿಯವರೋ, ನೇಯ್ದವನು ಎಲ್ಲಿಯವನೋ! ಹೊರಗುತ್ತಿಗೆಯೆಂದು ಈಗ ಕರೆಯುವುದು ಬಹುಮಟ್ಟಿಗೆ ಇದನ್ನೇ. ಅಮೆರಿಕದ ಬ್ಯಾಂಕೋ ಅಂಗಡಿಯೋ ತನ್ನ ಲೆಕ್ಕಪತ್ರ ನಡೆಸುವ ಕಂಪ್ಯೂಟರಿನ ಕಾರ್ಯಕ್ರಮಗಳನ್ನು ಬರೆಯುವ ಕೆಲಸವನ್ನು ಬೆಂಗಳೂರಿಗೆ ಕೊಡುತ್ತದೆ. ಅಲ್ಲಿ ರಾತ್ರಿಯಾದಾಗ ಇಲ್ಲಿ ಹಗಲು. ಅವರು ಮಲಗಿ ಏಳುವುದರೊಳಗೆ ಇಲ್ಲಿ ಒಂದು ದಿನದ ನೇಯ್ಗೆ ಮುಗಿದಿರುತ್ತದೆ. ಒಂದು ಭೇದ ಮಾತ್ರ ಉಂಟು. ನಮ್ಮ ಪೇಟೆಯ ನೇಕಾರನು ಬಹುಪಾಲು ನೇಕಾರನಾಗಿಯೇ ಉಳಿದ. ಇಲ್ಲಿ ನೇಯುವವರೇ ಕೂಡಿಕೊಂಡು ಸಾಹುಕಾರರಾದರು.

ಹಾಗೆ ಕೂಡಿಕೊಂಡವರು ಏಳು ಮಂದಿ. 1981ರ ಜುಲೈಯಲ್ಲಿ ಪುಣೆಯಲ್ಲಿ ಕಂಪೆನಿ ಸ್ಥಾಪನೆಯಾಯಿತು. ಅದಕ್ಕೂ ಮೊದಲು ಈ ಏಳು ಮಂದಿಯೂ ಪಟ್ನಿ ಕಂಪ್ಯೂಟರ್ ಸಿಸ್ಟಮ್ಸ್ ಎಂಬ ಸಂಸ್ಥೆಯಲ್ಲಿ ಕೆಲಸಕ್ಕಿದ್ದವರು. ಅವರಲ್ಲಿ ಮುಂದಾಳಾದ ಎನ್.ಆರ್. ನಾರಾಯಣಮೂರ್ತಿಯವರು ಶಿಡ್ಲಘಟ್ಟದಲ್ಲಿ ಹುಟ್ಟಿದ ಶಾಲಾ ಉಪಾಧ್ಯಾಯರೊಬ್ಬರ ಮಗ; ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಜಿನಿಯರಿಂಗ್‌ನಲ್ಲಿ ಓದಿದವರು. ನಂದನ್ ನಿಲೇಕಣಿಯವರು ಬೆಂಗಳೂರಿನಲ್ಲಿ ಹುಟ್ಟಿದವರು. ಕೆ. ದಿನೇಶ್ ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ಗಣಿತ ಓದಿದವರು. ಎಸ್. ಗೋಪಾಲಕೃಷ್ಣನ್, ಎಸ್.ಡಿ. ಶಿಬುಲಾಲ್ ಇಬ್ಬರೂ ಕೇರಳದವರು. ಎನ್.ಎಸ್. ರಾಘವನ್, ಅಶೋಕ್ ಅರೋರಾ ಉಳಿದಿಬ್ಬರು. ಮೂಲಧನ ಹತ್ತು ಸಾವಿರ ರೂಪಾಯಿ. ಅದು ಮೂರ್ತಿಯವರ ಪತ್ನಿ ಸುಧಾ ಮೂರ್ತಿಯವರು ಉಳಿಸಿಟ್ಟಿದ್ದ ಹಣ. ಹಳೆಯ ಕೆಲಸದ ಹೊಣೆಯನ್ನು ಮುಗಿಸಿ ಬರುವುದಕ್ಕೆ ಮೂರ್ತಿಯವರಿಗೆ ಸುಮಾರು ಒಂದು ವರ್ಷವೇ ಹಿಡಿಯಿತು. ಆದುದರಿಂದ ಕಂಪೆನಿಯ ಮೊದಲ ನೌಕರರೆಂದು ದಾಖಲಾದವರು ಮೂರ್ತಿಯವರಲ್ಲ, ರಾಘವನ್. ಮುಖಂಡನೇ ತಡವಾಗಿ ಬಂದ ಈ ಸೇನೆ ಅವನು ಬರುವವರೆಗೂ ಚದುರದೆ ನಿಂತಿತೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.

1983ರಲ್ಲಿ ಕಂಪೆನಿ ಬೆಂಗಳೂರಿಗೆ ಬಂದಿತು. ಆ ಕಾಲದಲ್ಲಿ ಒಂದು ಕಂಪ್ಯೂಟರನ್ನು ಹೊರದೇಶದಿಂದ ತರಿಸಬೇಕಾದರೆ ದೆಹಲಿಗೆ ಹತ್ತಾರು ಸಲ ಅಲೆಯಬೇಕಾಗಿದ್ದಿತು. ಒಂದು ಟೆಲಿಫೋನಿಗಾಗಿ ವರ್ಷಗಟ್ಟಲೆ ಕಾಯಬೇಕಾಗಿದ್ದಿತು. ಹತ್ತು ವರ್ಷ ದುಡಿದರೂ ಹೇಳಿಕೊಳ್ಳುವಂಥ ಸಂಪತ್ತು ಕೂಡಲಿಲ್ಲ. 1989ರಲ್ಲಿ ಅಶೋಕ್ ಅರೋರಾ ಹೊರಟುಹೋದರು. ಮರುವರ್ಷದ ಚಳಿಗಾಲದಲ್ಲಿ ಹತ್ತು ಲಕ್ಷ ಡಾಲರಿಗೆ ಕಂಪೆನಿಯನ್ನು ಮಾರಿಬಿಡುವ ಪ್ರಸ್ತಾಪ ಬಂದಿತು. ಬೆಂಗಳೂರಿನ ಸಣ್ಣ ಕಚೇರಿಯಲ್ಲಿ ಐವರು ಕುಳಿತು ಆಲೋಚಿಸಿದರು. ಮೂರ್ತಿಯವರು ಮೊದಲು ಕಿರಿಯರ ಮಾತನ್ನೆಲ್ಲ ಕೇಳಿದರಂತೆ. ತಮ್ಮ ಸರದಿ ಬಂದಾಗ, ಮಾರಲೇಬೇಕೆಂದಿದ್ದರೆ ನಿಮ್ಮೆಲ್ಲರ ಪಾಲನ್ನೂ ನಾನೇ ಕೊಂಡುಕೊಳ್ಳುತ್ತೇನೆ ಎಂದರಂತೆ. ಅವರ ಕೈಯಲ್ಲಿ ಆಗ ಕಾಸಿರಲಿಲ್ಲ! ಆದರೂ ಆ ಮಾತಿನಲ್ಲಿದ್ದ ಧೈರ್ಯವನ್ನು ಕಂಡು ಉಳಿದವರು ಒಬ್ಬೊಬ್ಬರಾಗಿ ನಿಂತರು. 1993ರಲ್ಲಿ ಷೇರುಗಳು ಸಾರ್ವಜನಿಕರ ಕೈಗೆ ಬಂದವು. 1994ರಿಂದ ನೌಕರರಿಗೂ ಷೇರು ಕೊಡುವ ಪದ್ಧತಿ ಬಂದಿತು. 1999ರಲ್ಲಿ ಅಮೆರಿಕದ ನಾಸ್ಡಾಕ್ ಪೇಟೆಯನ್ನು ಹೊಕ್ಕ ಮೊದಲ ಭಾರತೀಯ ಕಂಪೆನಿ ಇದಾಯಿತು. ಇಂದು ಅಲ್ಲಿ ದುಡಿಯುವವರ ಸಂಖ್ಯೆ ಮೂರು ಲಕ್ಷಕ್ಕೂ ಹೆಚ್ಚು. ಮೈಸೂರಿನ ಹೆಬ್ಬಾಳಿನಲ್ಲಿರುವ ಅವರ ತರಬೇತಿ ಕೇಂದ್ರದ ವಿಸ್ತಾರದ ಮುಂದೆ ನಮ್ಮ ಕಾಲೇಜಿನ ಆಟದ ಮೈದಾನ ಒಂದು ಅಂಗೈಯಷ್ಟೇ ಸರಿ.

ಇಲ್ಲಿಯವರೆಗಿನ ಕಥೆ ಕಟ್ಟಿದವರ ಕಥೆ. ಅದನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಸ್ವಾರಸ್ಯವಾಗಿ ಕಂಡುದು ಬೀಗದ ಕೈಯ ಕಥೆ.

ಕಂಪೆನಿಯ ಮುಖ್ಯಾಧಿಕಾರವನ್ನು ಮೂರ್ತಿಯವರು 21 ವರ್ಷ ನಡೆಸಿ, ಇನ್ನೂ ಗಟ್ಟಿಮುಟ್ಟಾಗಿರುವಾಗಲೇ, 2002ರಲ್ಲಿ ನಿಲೇಕಣಿಯವರಿಗೆ ಒಪ್ಪಿಸಿದರು. 2007ರಲ್ಲಿ ಅದು ಗೋಪಾಲಕೃಷ್ಣನ್ ಅವರ ಕೈಗೂ 2011ರಲ್ಲಿ ಶಿಬುಲಾಲ್ ಅವರ ಕೈಗೂ ಬಂದಿತು. ಜಗಳವಿಲ್ಲ, ಕೋರ್ಟಿಲ್ಲ, ಪಾಲುಪಟ್ಟಿಯಿಲ್ಲ. ಅರುವತ್ತು ತುಂಬಿದ ಮೇಲೆ ಆಡಳಿತದ ಹೊಣೆಯಿಂದ ಸರಿಯಬೇಕೆಂಬ ಕಟ್ಟಳೆಯನ್ನು ತಾವೇ ಮಾಡಿಕೊಂಡು, 2006ರಲ್ಲಿ ಅರುವತ್ತಾದಾಗ ಮೂರ್ತಿಯವರು ಅದರಂತೆ ನಡೆದರು. ಒಂದು ಗದ್ದೆಯ ಬದುವಿಗಾಗಿ ಅಣ್ಣತಮ್ಮಂದಿರು ಮೂರು ತಲೆಮಾರು ಮಾತು ಬಿಡುವುದನ್ನು ಕಂಡಿರುವ ನಮಗೆ ಇದು ಸಣ್ಣ ಸಂಗತಿಯಲ್ಲ. ಪೀಠವನ್ನು ಬಿಟ್ಟವನಿಗೆ ಬೇರೆ ಕೆಲಸವೂ ಸಿಕ್ಕುತ್ತದೆಂಬುದಕ್ಕೆ ನಿಲೇಕಣಿಯವರೇ ಸಾಕ್ಷಿ. ಅವರು 2009ರಲ್ಲಿ ಕಂಪೆನಿ ಬಿಟ್ಟು ಆಧಾರ್ ಯೋಜನೆಯ ಮುಖ್ಯಸ್ಥರಾದರು. ಮಧುವನಹಳ್ಳಿಯ ಮುದುಕಿಯರೂ ಇಂದು ಸೆರಗಿನ ಗಂಟಿನಲ್ಲಿ ಆ ಚೀಟಿಯನ್ನು ಇಟ್ಟುಕೊಂಡು ಪಡಿತರದ ಅಂಗಡಿಗೆ ಹೋಗುತ್ತಾರೆ.

ಆದರೆ ಈ ಕಥೆಗೆ ಇನ್ನೊಂದು ಮಗ್ಗುಲೂ ಉಂಟು. ಬೀಗದ ಕೈ ಕೈಯಿಂದ ಕೈಗೆ ದಾಟಿತು, ನಿಜ. ದಾಟಿದುದು ಒಂದೇ ಜಗಲಿಯ ಮೇಲೆ ಕುಳಿತವರ ನಡುವೆ. ಸ್ಥಾಪಕರ ಸರದಿ ಮುಗಿಯುವವರೆಗೆ ಹೊರಗಿನಿಂದ ಬಂದು ಸೇರಿದ ಸಮರ್ಥರು ಹಜಾರದಲ್ಲಿಯೇ ಕಾಯಬೇಕಾಯಿತು. ಅವರಲ್ಲಿ ಹಲವರು 2011ರಿಂದ 2014ರವರೆಗಿನ ವರ್ಷಗಳಲ್ಲಿ ಬಿಟ್ಟುಹೋದರು. 2013ರಲ್ಲಿ, ವಿಶ್ರಾಂತಿಯಲ್ಲಿದ್ದ ಮೂರ್ತಿಯವರನ್ನೇ ಕಂಪೆನಿ ಮತ್ತೆ ಕರೆಯಿತು. ಅವರು ಬಂದರು, ಮುಂದಿನ ವರ್ಷ ಹೋದರು. 2014ರ ಆಗಸ್ಟಿನಲ್ಲಿ ಮೊದಲ ಬಾರಿಗೆ ಹೊರಗಿನವರಾದ ವಿಶಾಲ್ ಸಿಕ್ಕಾ ಅಧಿಕಾರಕ್ಕೆ ಬಂದರು. ಆಗಲಾದರೂ ಕೈಗೆ ಬೀಗದ ಕೈ ಪೂರ್ತಿಯಾಗಿ ಬಂದಿತೆ? ಆಡಳಿತದ ಕ್ರಮವನ್ನು ಕುರಿತು ಸ್ಥಾಪಕರು ಬಹಿರಂಗವಾಗಿ ಪ್ರಶ್ನೆ ಎತ್ತಿದರು. ಆಡಳಿತ ಮಂಡಳಿ ಅದಕ್ಕೆ ಬಹಿರಂಗವಾಗಿಯೇ ಉತ್ತರ ಕೊಟ್ಟಿತು. 2017ರ ಆಗಸ್ಟಿನಲ್ಲಿ ಸಿಕ್ಕಾ ರಾಜೀನಾಮೆ ಕೊಟ್ಟರು. ಅದೇ ತಿಂಗಳು ನಿಲೇಕಣಿಯವರು ಅಧ್ಯಕ್ಷರಾಗಿ ಹಿಂದಿರುಗಿದರು. 2018ರ ಜನವರಿಯಲ್ಲಿ ಮತ್ತೊಬ್ಬ ಹೊರಗಿನವರಾದ ಸಲಿಲ್ ಪಾರೇಖ್ ಮುಖ್ಯಾಧಿಕಾರಿಗಳಾದ ಮೇಲೆ ಮನೆ ಶಾಂತವಾಯಿತು. ಆ ವಿವಾದದಲ್ಲಿ ಯಾರದು ಸರಿ, ಯಾರದು ತಪ್ಪೆಂದು ತೀರ್ಮಾನಿಸುವುದು ನನ್ನಂಥವನ ಕೆಲಸವಲ್ಲ. ಕೊಡುವುದು ಒಂದು ವಿದ್ಯೆ, ಕೊಟ್ಟ ಮೇಲೆ ಸುಮ್ಮನಿರುವುದು ಅದಕ್ಕಿಂತ ದೊಡ್ಡ ವಿದ್ಯೆ ಎಂಬುದಷ್ಟೇ ನನಗೆ ತೋರಿದುದು. ಕಂಪೆನಿ ಕಟ್ಟಿದವರಿಗೇ ಅದು ಕಷ್ಟವಾಯಿತೆಂದ ಮೇಲೆ ನಮ್ಮ ಮನೆಯ ಹಿರಿಯರನ್ನು ದೂರಿ ಏನು ಫಲ?

ನಮ್ಮ ಮನೆಯ ಮಾತು ಬಂದುದರಿಂದ ಹೇಳುತ್ತೇನೆ. ನಮ್ಮ ತಾತನಿಗೆ ಎಂಬತ್ತು ದಾಟಿದೆ. ಬೀಗದ ಕೈ ಇನ್ನೂ ಅವರ ಉಡಿದಾರದಲ್ಲಿದೆ. ಐವತ್ತೈದರ ನಮ್ಮಪ್ಪ ಸಂತೆಗೆ ಹೊರಟಾಗ ಇಂದಿಗೂ ಬಸ್ಸಿನ ಚಾರ್ಜಿಗೆ ತಾತನ ಮುಂದೆ ನಿಲ್ಲುತ್ತಾರೆ. ಐದು ವರ್ಷದ ಹಿಂದೆ ಚಿಕ್ಕಪ್ಪ ಹಿಪ್ಪುನೇರಳೆ ತೋಟಕ್ಕೆ ಹನಿ ನೀರಾವರಿ ಹಾಕಿಸಬೇಕೆಂದರು. ಸಾಲಕ್ಕೆ ಜಮೀನಿನ ಪತ್ರ ಬೇಕು, ಪತ್ರ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ತೆರೆಯಲಿಲ್ಲ. ಆರು ತಿಂಗಳು ಕೇಳಿ ಕೇಳಿ ಸೋತು ಚಿಕ್ಕಪ್ಪ ಬೆಂಗಳೂರಿಗೆ ಹೊರಟುಹೋದರು. ಈಗ ಒಂದು ದೊಡ್ಡ ಕಟ್ಟಡದ ಗೇಟಿನಲ್ಲಿ ನೀಲಿ ಅಂಗಿ ತೊಟ್ಟು ರಾತ್ರಿ ಪಾಳಿ ಕಾಯುತ್ತಾರೆ. ಯಾರ ಕಟ್ಟಡವೆಂಬುದು ಮುಖ್ಯವಲ್ಲ. ಸ್ವಂತ ಮನೆಯ ಬೀಗದ ಕೈಯನ್ನು ಮುಟ್ಟಲಾಗದವರು ಪರರ ಬೀಗಗಳನ್ನು ಕಾಯುತ್ತಿದ್ದಾರೆ. ತಾತ ಕೆಟ್ಟವರೇ? ಖಂಡಿತ ಅಲ್ಲ. ಬರಗಾಲದಲ್ಲಿ ರಾಗಿ ಹಿಟ್ಟಿನ ಗಂಜಿ ಕುಡಿದು ಆ ಭೂಮಿಯನ್ನು ಉಳಿಸಿದವರು ಅವರೇ. ಉಳಿಸಿದವರಿಗೆ ಭಯ ಹೆಚ್ಚು. ಬಿಟ್ಟರೆ ಎಲ್ಲಿ ಹಾಳಾಗುವುದೋ ಎಂಬ ಆ ಭಯವೇ ಕೊನೆಗೆ ಮನೆಯನ್ನು ಬರಿದು ಮಾಡುತ್ತದೆಂಬುದು ಅವರಿಗೆ ಕಾಣದು.

ಏಳು ಮಂದಿಯ ಕಥೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡಿದುದು ಎಂಟನೆಯವರ ಮಾತು. ಸುಧಾ ಮೂರ್ತಿಯವರನ್ನು ನಾವೆಲ್ಲ ಕನ್ನಡದ ಲೇಖಕಿಯೆಂದು ಬಲ್ಲೆವು. ಅವರು ಹುಬ್ಬಳ್ಳಿಯಲ್ಲಿಯೂ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿಯೂ ಓದಿದ ಇಂಜಿನಿಯರು. ಮೂಲಧನ ಅವರದು, ವಿದ್ಯೆಯಲ್ಲಿ ಕೊರತೆಯಿಲ್ಲ. ಆದರೂ ಗಂಡಹೆಂಡಿರಿಬ್ಬರೂ ಒಂದೇ ಕಂಪೆನಿಯಲ್ಲಿರಬಾರದೆಂಬ ಪತಿಯ ನಿಲುವಿನಿಂದ ಅವರು ಹೊರಗುಳಿದರು. 1996ರಲ್ಲಿ ಆರಂಭವಾದ ಕಂಪೆನಿಯ ಪ್ರತಿಷ್ಠಾನದ ಮೂಲಕ ಅವರು ಮಾಡಿದ ಸೇವೆ ದೊಡ್ಡದು. ಆದರೆ ಅದು ದಾನದ ಪೆಟ್ಟಿಗೆ, ಯಜಮಾನಿಕೆಯ ಪೆಟ್ಟಿಗೆಯಲ್ಲ. ಅವರನ್ನು ಸೇರಿಸಿಕೊಳ್ಳದಿದ್ದುದು ಸರಿಯಲ್ಲವೆಂದು ಮೂರ್ತಿಯವರು 2024ರಲ್ಲಿ ಒಂದು ಸಂದರ್ಶನದಲ್ಲಿ ತಾವಾಗಿಯೇ ಒಪ್ಪಿಕೊಂಡರು. ನಲವತ್ತು ವರ್ಷಕ್ಕೂ ಮೇಲೆ ಬಂದರೂ ಅದು ಹಿರಿಯರಿಗೆ ಒಪ್ಪುವ ಮಾತು.

ಅದನ್ನು ಓದಿದಾಗ ನನಗೆ ನೆನಪಾದವಳು ನಮ್ಮ ಅಕ್ಕ. ಪಿ.ಯು.ಸಿ.ಯಲ್ಲಿ ನನಗಿಂತ ಹೆಚ್ಚು ಅಂಕ ಪಡೆದು ಮನೆಯಲ್ಲಿ ನಿಂತವಳು. ಎಷ್ಟು ಮೊಟ್ಟೆ ತಂದೆವು, ಹುಳುವಿಗೆ ಎಷ್ಟು ಹೊರೆ ಸೊಪ್ಪು ಬಿತ್ತು, ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಯಲ್ಲಿ ಯಾವ ವಾರ ಯಾವ ದರ ಸಿಕ್ಕಿತು ಎಂಬುದೆಲ್ಲ ಅವಳ ಒಂದು ನೋಟುಪುಸ್ತಕದಲ್ಲಿದೆ. ಹೋದ ವರ್ಷ ಎರಡು ಬೆಳೆ ಕೈಕೊಟ್ಟಾಗ ಯಾವ ಅಂಗಡಿಯ ಸಾಲವನ್ನು ಮೊದಲು ತೀರಿಸಬೇಕೆಂದು ಸರಿಯಾಗಿ ಹೇಳಿದವಳು ಅವಳೇ. ಅಪ್ಪ ಅವಳನ್ನು ಕೇಳಿ ಬಂದು ತಾತನಿಗೆ ತಮ್ಮ ಮಾತೆಂಬಂತೆ ಹೇಳುತ್ತಾರೆ. ಯಜಮಾನಿಕೆಯ ಕೆಲಸವನ್ನೆಲ್ಲ ಮಾಡುತ್ತಿರುವವಳಿಗೆ ಬೀಗದ ಕೈ ಎಂದೂ ಬರುವಂತಿಲ್ಲ. ಏಕೆಂದರೆ ಅವಳು ಮದುವೆಯಾಗಿ ಹೋಗುವವಳಂತೆ. ತಾತನಿಂದ ಅಪ್ಪನಿಗೆ, ಅಪ್ಪನಿಂದ ನನಗೆ: ನಮ್ಮ ಮನೆಯ ಸರದಿ ಇದು. ನನಗೆ ಹುಳುವಿನ ಜ್ವರವೂ ಗೊತ್ತಿಲ್ಲ, ಮಾರುಕಟ್ಟೆಯ ದರವೂ ಗೊತ್ತಿಲ್ಲ. ಗಂಡಾಗಿ ಹುಟ್ಟಿದುದೊಂದೇ ನನ್ನ ಅರ್ಹತೆ.

ಈ ಸರದಿಯನ್ನು ಮುರಿಯಬೇಕಾದರೆ ಅದರಲ್ಲಿ ನಿಂತಿರುವವನೇ ಪಕ್ಕಕ್ಕೆ ಸರಿಯಬೇಕು. ಹೊರಗಿನವರು ಹೇಳಿದರೆ ಅದು ಹೊಟ್ಟೆಕಿಚ್ಚೆನಿಸುತ್ತದೆ. ಅಕ್ಕ ಕೇಳಿದರೆ ದುರಾಸೆಯೆನಿಸುತ್ತದೆ. ನಾನು ಕೇಳಿದರೆ ಬಹುಶಃ ಹುಚ್ಚೆನಿಸಬಹುದು. ಆಗಲಿ, ಐವರ ನಡುವೆ ಕಾಸಿಲ್ಲದೆ ಕಂಪೆನಿ ಕೊಳ್ಳುತ್ತೇನೆಂದವರ ಮಾತೂ ಆ ಹೊತ್ತಿಗೆ ಹುಚ್ಚೆಂದೇ ತೋರಿರಬೇಕು. ತಾತನವರು ಬದುಕಿರುವಾಗಲೇ, ಅವರ ಕೈಯಿಂದಲೇ, ಆ ಪೆಟ್ಟಿಗೆಯ ಬೀಗದ ಕೈ ಅಕ್ಕನಿಗೆ ಬರಬೇಕು. ಅವಳು ಹೇಳಿದರೆ ಚಿಕ್ಕಪ್ಪ ಊರಿಗೆ ಮರಳಬೇಕು. ಪರೀಕ್ಷೆ ಮುಗಿದ ಮೇಲೆ ಈ ಮಾತನ್ನು ತಾತನ ಮುಂದೆ ಆಡುವುದೆಂದು ನಿಶ್ಚಯಿಸಿದ್ದೇನೆ. ನನ್ನ ಸರದಿಯನ್ನು ಬಿಟ್ಟುಕೊಟ್ಟೇ ಆಡಬೇಕಾದ ಮಾತು ಅದು. ಬಿಟ್ಟುಕೊಡದೆ ಆಡಿದರೆ ಅದಕ್ಕೆ ತೂಕವಿರುವುದಿಲ್ಲ.

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ, ಮಧುವನಹಳ್ಳಿ