ಚಿನ್ನವಿತ್ತು, ಸಂಬಳವಿರಲಿಲ್ಲ

ಬಯಲಿನ ಹಾಕಿಯನ್ನಷ್ಟೇ ಕಂಡ ನನಗೆ, ಉಕ್ಕಿನ ಅಲಗಿನ ಬೂಟು ತೊಟ್ಟು ಮಂಜುಗಡ್ಡೆಯ ಮೇಲೆ ಜಾರುತ್ತ, ಚೆಂಡಿಗೆ ಬದಲಾಗಿ ರಬ್ಬರಿನ ಬಿಲ್ಲೆಯನ್ನು ಹೊಡೆಯುವ ಐಸ್ ಹಾಕಿ ಒಂದು ಸೋಜಿಗವೇ ಸರಿ. ಅದರಲ್ಲಿ ನನ್ನ ಮನಸ್ಸನ್ನು ಸೆಳೆದವಳು ಕೆನಡಾದ ಹೇಲಿ ವಿಕೆನ್‌ಹೈಸರ್.

1978ರಲ್ಲಿ ಸಸ್ಕಾಚವಾನ್ ಪ್ರಾಂತದ ಸಣ್ಣ ಊರೊಂದರಲ್ಲಿ ಹುಟ್ಟಿದ ಈಕೆ ಹದಿನೈದನೆಯ ವಯಸ್ಸಿಗೇ ದೇಶದ ತಂಡ ಸೇರಿದಳು. 2002ರಿಂದ 2014ರವರೆಗೆ ನಾಲ್ಕು ಒಲಿಂಪಿಕ್‌ಗಳಲ್ಲಿ ಚಿನ್ನ! ಆದರೆ ಆಟವನ್ನೇ ನಂಬಿ ಬದುಕಲು ಹೆಂಗಸರಿಗೆ ತಕ್ಕ ಲೀಗ್ ಎಲ್ಲಿತ್ತು? 2003ರಲ್ಲಿ ಫಿನ್ಲೆಂಡಿಗೆ ಹೋಗಿ ಗಂಡಸರ ತಂಡದಲ್ಲಿ ಆಡಿ ಗೋಲು ಹೊಡೆದಳು. ಅದನ್ನು ಸಾಹಸವೆಂದು ಹೊಗಳುವವರುಂಟು. ನನಗೇಕೋ ಮೆಚ್ಚುಗೆಗಿಂತ ಮೊದಲು ಕೋಪವೇ ಬರುತ್ತದೆ. 2016ರಲ್ಲಿ ಕ್ಯಾಲ್ಗರಿ ತಂಡದೊಡನೆ ಕ್ಲಾರ್ಕ್‌ಸನ್ ಕಪ್ ಗೆದ್ದಾಗಲೂ ಆ ಹೆಂಗಸರ ಲೀಗ್ ಆಟಗಾರ್ತಿಯರಿಗೆ ಸಂಬಳ ಕೊಡುತ್ತಿರಲಿಲ್ಲ.

2017ರಲ್ಲಿ ಆಕೆ ಆಟದಿಂದ ನಿವೃತ್ತಳಾದಳು. 2019ರಲ್ಲಿ ಆ ಲೀಗೇ ಮುಚ್ಚಿತು. ಆಗ ಇನ್ನೂರಕ್ಕೂ ಹೆಚ್ಚು ಆಟಗಾರ್ತಿಯರು, ತಕ್ಕ ಸಂಬಳವೂ ವಿಮೆಯೂ ಇಲ್ಲದೆ ಉತ್ತರ ಅಮೆರಿಕದ ಯಾವ ಲೀಗಿನಲ್ಲಿಯೂ ಆಡೆವೆಂದು ಹಟ ಹಿಡಿದರು. ಹಟ ಫಲಿಸಿತು. 2024ರ ಜನವರಿ 1ರಂದು ಟೊರಾಂಟೊದಲ್ಲಿ ಹೊಸ ಲೀಗಿನ ಮೊದಲ ಪಂದ್ಯ ನಡೆಯಿತು. ಅದರಲ್ಲಿ ಆಡುವವರಿಗೆ ಸಂಬಳವುಂಟು. ಆ ವೇಳೆಗೆ ವಿಕೆನ್‌ಹೈಸರ್ ವೈದ್ಯಕೀಯ ಓದಿ ಡಾಕ್ಟರಾಗಿದ್ದಳು.